ಮೀನೂಟದ ವಿಮಾನ

ಊಟಕ್ಕೆ ಕರೆಯುವವರು ಎಲ್ಲರಿಗೂ ಸಿಗುತ್ತಾರೆ. ಊಟಕ್ಕೆಂದು ಆಕಾಶಕ್ಕೆ ಕರೆದೊಯ್ಯುವವರು ನನಗೆ ಸಿಕ್ಕಿದ್ದಾರೆ. ಹಾಗಾಗಿ ಇಂಥವು ನನಗೆ ಆಗುತ್ತಲೇ ಇರುತ್ತವೆ.

ತೂಕ

ಮಸ್ಕತ್‌ನ ವಾದಿ ಅದಾಯ್‌ನಲ್ಲಿ ನಮ್ಮ ಧಣಿಯ ಗ್ಯಾರೇಜಿದೆ. ಅದರ ಸ್ಟೋರ್ ನೋಡಿಕೊಳ್ಳುವವನು ನಾನು. ಅವರೂ ಮಂಗಳೂರಿನ ಕಡೆಯವರೇ. ಐವತ್ತು ದಾಟಿದ ಮೇಲೆ ವಿಮಾನ ಓಡಿಸಲು ಕಲಿತು, ಎರಡು ಸೀಟಿನದೊಂದನ್ನು ಕೊಂಡರು. ಹಾರುವುದು ಊಟಕ್ಕಷ್ಟೇ: ಒಮಾನಿನ ಉತ್ತರ ತುದಿಯ ಬಂದರೂರು ಖಸಬ್‌ಗೆ ಹೋಗಿ, ಮೀನು ತಿಂದು, ವಾಪಸ್. ಜೊತೆಗೆ ಯಾರು ಎಂದು ತೀರ್ಮಾನಿಸಲು ನಮ್ಮನ್ನೆಲ್ಲ ತೂಗುವ ಯಂತ್ರದ ಮೇಲೆ ನಿಲ್ಲಿಸಿದರು. ನಾನು ಐವತ್ತೆರಡು ಕಿಲೋ. ಹದಿನೆಂಟು ವರ್ಷಗಳ ಚಾಕರಿಯಲ್ಲಿ ನಾನು ಮೊದಲಿಗನಾದದ್ದು ಅದೊಂದರಲ್ಲೇ.

ಬುತ್ತಿ

ಊರಲ್ಲಿ ಮಗಳ ನಿಶ್ಚಿತಾರ್ಥ ಎರಡು ವಾರದಾಚೆಯ ಭಾನುವಾರಕ್ಕೆ ನಿಗದಿಯಾಯಿತು. ರಜೆಯ ಅರ್ಜಿಗೆ ಧಣಿಯ ಸಹಿ ಬೇಕು; ಹೊಟ್ಟೆಗೆ ಒಳ್ಳೆಯ ಮೀನು ಬೀಳದೆ ಅವರು ಪೆನ್ ಮುಟ್ಟುವವರಲ್ಲ. ಅರ್ಜಿ ಜೇಬಿನಲ್ಲಿಟ್ಟುಕೊಂಡು ಹಾರಿದೆ. ಇಳಿದಾಗ ಶುಕ್ರವಾರದ ನಮಾಜಿನ ಹೊತ್ತು, ಹೋಟೆಲ್ ಮುಚ್ಚಿತ್ತು. ಗಾಳಿ ಏಳುವ ಮೊದಲು ಮರಳಬೇಕಾದ್ದರಿಂದ ಕಾಯುವಂತಿರಲಿಲ್ಲ. ಧಣಿ ವಿಮಾನದ ನೆರಳಲ್ಲಿ ಕುಳಿತು ನನ್ನ ಬುತ್ತಿ ಬಿಚ್ಚಿದರು. ಚಿತ್ರಾನ್ನವನ್ನು ಕೊನೆಯ ಅಗುಳಿನವರೆಗೂ ತಿಂದು, ಕೈ ತೊಳೆದು, "ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಮಾರಾಯ್ರೆ?" ಎಂದರು.

ಅಂಜಲ್

ಮುಂದಿನ ಶುಕ್ರವಾರ ಹೊರಟಾಗ ನಿಶ್ಚಿತಾರ್ಥಕ್ಕೆ ಎರಡೇ ದಿನ. ಮರುದಿನ ಬೆಳಿಗ್ಗೆ ಮಸ್ಕತ್‌ನಿಂದ ಮಂಗಳೂರಿಗೆ ನನ್ನ ಟಿಕೆಟ್. ಈ ಸಲ ಹೋಟೆಲ್ ತೆರೆದಿತ್ತು. ಎರಡನೇ ಪ್ಲೇಟ್ ಮುಗಿದಾಗ ಧಣಿ ತಾವಾಗಿಯೇ ಪೆನ್ ಕೇಳಿದರು. ಸಹಿಯ ಪಕ್ಕದಲ್ಲಿ ಬೆರಳಿನ ಮಸಾಲೆ ಅಂಟಿತು. ಅದನ್ನು ಮೊಹರೆಂದುಕೊಂಡು ಮಡಚಿಟ್ಟೆ.

ಆಮೇಲೆ ಅವರು ಬಂದರಿನಲ್ಲಿ ಒಂದು ಪೆಟ್ಟಿಗೆ ಅಂಜಲ್ ಮೀನು ಕೊಂಡರು, ಐಸ್ ಸಮೇತ. ವಿಮಾನದ ಬಳಿ ತೂಗಿದರೆ ಐವತ್ತೆರಡು ಕಿಲೋ. ನಾನು ಹೋಗಬಹುದು, ಇಲ್ಲವೇ ಅದು. ಧಣಿ ನಮ್ಮಿಬ್ಬರನ್ನೂ ನೋಡಿದರು.

"ಬೇಜಾರು ಮಾಡ್ಬೇಡಿ. ಅದು ಹಾಳಾಗ್ತದೆ, ನೀವು ಆಗುದಿಲ್ಲ. ರಜೆ ಇವತ್ತಿಂದಲೇ ಬರೆದಿದ್ದೇನೆ, ಆಯ್ತಲ್ಲ?"

ನನ್ನ ಸೀಟಿನಲ್ಲಿ ಪೆಟ್ಟಿಗೆ ಕುಳಿತಿತು. ಅದಕ್ಕೆ ಬೆಲ್ಟ್ ಬಿಗಿದವನು ನಾನೇ.

ರಸ್ತೆಯಲ್ಲಿ ಹೋಗೋಣವೆಂದರೆ ನಡುವೆ ಇನ್ನೊಂದು ದೇಶ, ಅದರ ವೀಸಾ ನನ್ನಲ್ಲಿಲ್ಲ. ಅಲ್ಲಿಂದ ಮಸ್ಕತ್‌ಗೆ ಹೋಗುವ ವಿಮಾನ ಭರ್ತಿ. ಹಡಗು ಇನ್ನು ಭಾನುವಾರಕ್ಕೆ. ಬಂದರಿನ ಕಟ್ಟೆಯ ಮೇಲೆ ಕುಳಿತಿದ್ದಾಗ ಊರಿಂದ ಹೆಂಡತಿ ಫೋನ್ ಮಾಡಿದಳು.

"ರಜೆ ಸಿಕ್ಕಿತಾ?"

"ಸಿಕ್ಕಿತು."

"ದೇವರು ದೊಡ್ಡವನು. ಈಗ ಎಲ್ಲಿದ್ದೀರಿ?"

"ರಜೆಯಲ್ಲಿ," ಎಂದೆ.