ಗಟ್ಟಿ ಕಾಸು, ತೂತು ಕಾಸು

ನೋಟು ಕೈಯಲ್ಲಿದ್ದ ದಿನವೇ ಚಿಲ್ಲರೆ ಕೈಕೊಡುತ್ತದೆ. ಎಷ್ಟು ದೇಶ ಸುತ್ತಿದರೂ ಈ ಫಜೀತಿ ನನ್ನ ಬೆನ್ನು ಬಿಟ್ಟಿಲ್ಲ. ಸಣ್ಣ ನಾಣ್ಯ, ಸಣ್ಣ ನೋಟು ಇನ್ನು ಯಾಕೆ, ತೆಗೆದುಬಿಡಿ ಅಂತ ಕೆಲವರು ಹೇಳುತ್ತಾರೆ. ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಕೋಲಾರ ಸೀಮೆಯ ಬಸ್ಸು ಹತ್ತಿದವರಲ್ಲ. ನಾನು ಆಗ ಹೆರಿಗೆ ಮಾಡಿಸುವ ನರ್ಸು. ಇವತ್ತು ಮಾಲೂರು, ನಾಳೆ ಶ್ರೀನಿವಾಸಪುರ. ಮಕ್ಕಳು ಹುಟ್ಟುತ್ತಲೇ ಇದ್ದವು, ಕಾಸು ಮಾತ್ರ ಕಾಣೆಯಾಗಿತ್ತು.

೧. ಹಣ್ಣಾದ ಚಿಲ್ಲರೆ

ಶ್ರೀನಿವಾಸಪುರದ ಬಸ್ಸಿನ ಕಂಡಕ್ಟರು ನನ್ನ ರೂಪಾಯಿ ನೋಟಿಗೆ ಇದ್ದಬದ್ದ ಆಣೆಗಳನ್ನೆಲ್ಲ ಕೊಟ್ಟು, ಉಳಿದ ಕಾಸಿಗೆ ಒಂದು ಮಾವಿನಹಣ್ಣು ಕೈಗಿಟ್ಟ. "ಚಿಲ್ಲರ ಲೇದಮ್ಮಾ. ಇದನ್ನೇ ಇಟ್ಕೊಳ್ಳಿ."

ತಿನ್ನದೆ ಜೋಪಾನವಾಗಿಟ್ಟೆ. ವಾಪಸು ಬರುವಾಗ ಅದೇ ಬಸ್ಸು, ಅದೇ ಕಂಡಕ್ಟರು. ಟಿಕೆಟ್ಟಿಗೆ ಕಾಸು ಕಮ್ಮಿ ಬಿತ್ತು, ಹಣ್ಣು ಮುಂದೆ ಹಿಡಿದೆ. ಹೆಬ್ಬೆರಳಲ್ಲಿ ಒತ್ತಿ, ಮೂಸಿ, ಹಿಂದಕ್ಕೆ ಕೊಟ್ಟ.

"ಮೆತ್ತಗಾಗಿದೆಯಮ್ಮಾ. ಇದಕ್ಕಿನ್ನು ಚಲಾವಣೆ ಇಲ್ಲ."

೨. ನಡು ಇಲ್ಲದ ಕಾಸು

ಮುಳಬಾಗಿಲಲ್ಲಿ ನನ್ನ ಸೋದರತ್ತೆ. ಅವಳ ಒಬ್ಬನೇ ಮಗ ಪಟಾಲಂ ಸೇರಿ ಬರ್ಮಾ ಕಡೆ ಹೋಗಿದ್ದ, ಕಾಗದ ನಿಂತುಹೋಗಿತ್ತು. ಅವನು ಬರುವವರೆಗೆ ಪ್ರತಿ ಶನಿವಾರ ತಿರುಪತಿ ತಿಮ್ಮಪ್ಪನ ಹೆಸರಲ್ಲಿ ಒಂದು ಕಾಸು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಗಡಿಗೆಗೆ ಹಾಕುತ್ತೇನೆಂದು ಹರಕೆ. ಹಾಕಿದ ಮೇಲೆ ಮುಟ್ಟುವ ಹಾಗಿಲ್ಲ. ಆ ಬೀದಿಯಲ್ಲಿ ಯುದ್ಧಕ್ಕೆ ಮಗನನ್ನು ಕಳಿಸಿದ ತಾಯಂದಿರೆಲ್ಲ ಅವಳನ್ನು ನೋಡಿ ಒಂದೊಂದು ಗಡಿಗೆ ಇಟ್ಟರು.

ಸರ್ಕಾರದವರು ಹೊಸದಾಗಿ ಬಿಟ್ಟ ತೂತು ಕಾಸನ್ನು ನಾನು ಮಾಲೂರಿಂದ ತಂದುಕೊಟ್ಟೆ. ಅತ್ತೆ ಅದನ್ನು ಕಣ್ಣಿಗೆ ಹಿಡಿದು ತೂತಿನಿಂದ ನನ್ನನ್ನು ನೋಡಿದಳು.

"ನಡು ಎಲ್ಲೇ?"

"ಯುದ್ಧಕ್ಕೆ ತಾಮ್ರ ಉಳಿಸ್ತಿದ್ದಾರಂತೆ ಅತ್ತೆ."

"ಮಗನ್ನ ಕೊಟ್ಟಿದ್ದು ಸಾಲದಾ ಅವರಿಗೆ? ತೂತು ಕಾಸು ಹಾಕಿ, ಆ ತಿಮ್ಮಪ್ಪ ನನ್ನ ಮಗನಿಗೂ ತೂತು ಮಾಡಿ ಕಳಿಸಿದ್ರೆ? ಗಟ್ಟಿ ಕಾಸು ತಾರೇ!"

ನಗು ಬಂತು, ನುಂಗಿಕೊಂಡೆ. ತೂತು ಕಾಸನ್ನು ಬೀಗದ ಕೈಗೆ ಪೋಣಿಸಿಕೊಂಡು ಅಂದಳು, "ಸದ್ಯ, ಸರ್ಕಾರ ಇಷ್ಟಕ್ಕಾದ್ರೂ ಬಂತು."

೩. ಮಂಗಳಾರತಿ ತಟ್ಟೆ

ಅಂದಿನಿಂದ ಹೆರಿಗೆ ಆದ ಮನೆಗಳಲ್ಲೆಲ್ಲ ಗಟ್ಟಿ ಕಾಸು ಕೇಳುವುದೇ ನನ್ನ ಕಸುಬಾಯಿತು. ದೇವಸ್ಥಾನದಲ್ಲಿ ಸಿಕ್ಕೀತೆಂದು ಕೋಲಾರದಲ್ಲಿ ಒಬ್ಬರು ಪೂಜಾರಿಗಳನ್ನು ಕೇಳಿದೆ. ಅವರು ಖಾಲಿ ತಟ್ಟೆ ತೋರಿಸಿದರು.

"ಕಾಸು ಹಾಕೋರೇ ಇಲ್ಲ ತಾಯಿ. ನಿನ್ನೆ ಒಬ್ಬ ನೋಟು ಹಾಕಿ, ಬಾಕಿ ಚಿಲ್ಲರೆ ಕೊಡೋವರೆಗೂ ತೀರ್ಥಾನೇ ತಗೊಳ್ಳಲಿಲ್ಲ."

೪. ಹರಕೆ ಫಲಿಸಿದ್ದು

ಯುದ್ಧ ಮುಗಿಯಿತು. ಒಂದು ಮಧ್ಯಾಹ್ನ ನಾನು ಅತ್ತೆಯ ಜಗಲಿಯಲ್ಲಿ ಕೂತಿದ್ದಾಗ, ತಲೆಯಿಂದ ಕಾಲಿನವರೆಗೆ ಧೂಳು ಮೆತ್ತಿಕೊಂಡ ಒಬ್ಬ ಬಾಗಿಲಲ್ಲಿ ನಿಂತ. ಅತ್ತೆ ಓಡಿಬಂದಳು. ಮಗನ ಎದೆ, ಬೆನ್ನು, ತೋಳು ಎಲ್ಲ ತಡವಿದಳು.

"ಎಲ್ಲೂ ತೂತಿಲ್ಲ ತಾನೇ?"

"ಇಲ್ಲಮ್ಮ. ಕಾಲಲ್ಲಿ ಬೊಬ್ಬೆ ಅಷ್ಟೆ. ಕೋಲಾರದಿಂದ ನಡೆದೆ."

"ಅಯ್ಯೋ, ಬಸ್ಸಿರಲಿಲ್ವೇನೋ?"

"ಇತ್ತು. ನನ್ನ ಹತ್ರ ಇದ್ದದ್ದು ಹತ್ತು ರೂಪಾಯಿ ನೋಟು. ಕಂಡಕ್ಟರು ಇಳಿಸಿಬಿಟ್ಟ. ಮುಳಬಾಗಿಲಲ್ಲಿ ಯಾವ ಪುಣ್ಯಾತ್ಗಿತ್ತೀರು ಹೂತಿಟ್ಕೊಂಡವ್ರೋ, ಈ ರಸ್ತೇಲಿ ಒಂದು ಕಾಸೂ ಓಡಾಡ್ತಿಲ್ಲ ಅಂದ."

ನಾನು ಮೆಲ್ಲಗೆ ಅಡಿಗೆಮನೆ ಕಡೆ ಸರಿದೆ. ಅತ್ತೆಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಎರಡು ಕೈಯಲ್ಲೂ ಗಡಿಗೆ ತಬ್ಬಿಕೊಂಡು ಬಂದು ಮಗನ ಮುಂದಿಟ್ಟಳು.

"ನೋಡೋ, ವಾರವಾರವೂ ಹಾಕಿದ್ದು. ಇದರಿಂದ್ಲೇ ಕಣೋ ನೀನು ಬಂದದ್ದು!"

ಅವನು ಗಡಿಗೆ ತುಂಬಿದ ಕಾಸಿನ ಗಂಟುಗಳನ್ನು ನೋಡಿದ. ಬೊಬ್ಬೆ ಎದ್ದ ಕಾಲು ನೋಡಿಕೊಂಡ.

"ಹೌದಮ್ಮ," ಅಂದ. "ಇದರಿಂದ್ಲೇ ನಡ್ಕೊಂಡು ಬಂದದ್ದು."