ಪೊಟ್ಟಣ ಕಟ್ಟಿದ ವಂಶಾವಳಿ

ಕಾಗದ ಕಂಡರೆ ಕೆಲವರಿಗೆ ಓದಬೇಕು ಅನ್ನಿಸುತ್ತದೆ, ಕೆಲವರಿಗೆ ಬರೆಯಬೇಕು ಅನ್ನಿಸುತ್ತದೆ. ನನಗೆ ಮಡಿಸಬೇಕು ಅನ್ನಿಸುತ್ತದೆ. ಬಸ್ ಟಿಕೆಟ್ಟು, ಲಗ್ನಪತ್ರಿಕೆ, ಡಾಕ್ಟರು ಬರೆದುಕೊಟ್ಟ ಚೀಟಿ, ಯಾವುದೇ ಕೈಗೆ ಸಿಗಲಿ, ನಾಲ್ಕು ಮಾತು ಮುಗಿಯುವಷ್ಟರಲ್ಲಿ ಪೊಟ್ಟಣವಾಗಿರುತ್ತದೆ. ಒಮ್ಮೆ ಕರೆಂಟ್ ಬಿಲ್ಲನ್ನು ಹೀಗೇ ಮಡಿಸಿ ಅದರಲ್ಲಿ ಲವಂಗ ತುಂಬಿಟ್ಟಿದ್ದೆ. ಬಿಲ್ಲಿಗಾಗಿ ಮನೆಯೆಲ್ಲ ತಡಕಾಡಿದ ನಮ್ಮ ಯಜಮಾನರು ಕೊನೆಗೆ ಅಡುಗೆಮನೆಯಲ್ಲಿ ಅದನ್ನು ಕಂಡು, "ಮೂವತ್ತು ವರ್ಷ ಟೀಚರ್ ಕೆಲಸ ಮಾಡಿದ್ರೂ ನಿನ್ನ ಕೈಯಿಂದ ಅಂಗಡಿ ಹೋಗ್ಲಿಲ್ಲ ಕಣೇ" ಅಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ. ನಾನು ಹೊಗಳಿಕೆ ಅಂತಲೇ ಇಟ್ಟುಕೊಂಡೆ.

ನನ್ನ ತವರು ಶಿಡ್ಲಘಟ್ಟದ ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟವರ ಮನೆ. ಅಲ್ಲಿ ಅಪ್ಪ ಕೂತರು, ಆಮೇಲೆ ತಮ್ಮ ಕೂತ, ಈಗ ತಮ್ಮನ ಮಗ ಮಂಜು. ನಾನು ಮದುವೆಯಾಗಿ ಚಿಕ್ಕಬಳ್ಳಾಪುರ ಸೇರಿ, ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ರಿಟೈರ್ ಆದವಳು. ಹೋದ ತಿಂಗಳು ಮಂಜು ಫೋನ್ ಮಾಡಿದ. "ಅತ್ತೆ, ಅಂಗಡಿಗೆ ಹೊಸ ಬೋರ್ಡ್ ಹಾಕಿಸ್ತಾ ಇದೀನಿ. ಈಗ ಎಲ್ರೂ ಹೆಸರಿನ ಕೆಳಗೆ ಸಿನ್ಸ್ ಅಂತ ಇಸವಿ ಹಾಕಿಸ್ತಾರೆ. ಎದುರುಗಡೆ ಮೊಬೈಲ್ ಅಂಗಡಿಯವನು ಹೋದ ವರ್ಷ ಬಂದವನು, ಅವನೂ ಹಾಕ್ಸಿದಾನೆ. ನಮ್ದು ಯಾವಾಗ ಶುರುವಾಯ್ತು, ಯಾರು ಶುರು ಮಾಡಿದ್ದು? ನೀವು ಹಿಸ್ಟರಿ ಟೀಚರ್ ಅಲ್ವಾ, ಹುಡುಕ್ಕೊಡಿ."

ಹೂಂ ಅಂದು ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಯಾವ ರಾಜನಾದ ಮೇಲೆ ಯಾವ ರಾಜ ಪಟ್ಟಕ್ಕೆ ಬಂದ, ಯಾರು ಯಾರ ಅಣ್ಣನನ್ನು ಸೆರೆಗೆ ಹಾಕಿದ, ಇದನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನನ್ನ ಸ್ವಂತ ಮುತ್ತಾತನ ಹೆಸರು ನನಗೆ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟೇ.

ಮೊದಲು ಚಿಂತಾಮಣಿಗೆ ಹೋದೆ. ಅಲ್ಲಿ ದೊಡ್ಡಪ್ಪನ ಮಗನದೂ ದಿನಸಿ ಅಂಗಡಿಯೇ. ಕಾಫಿ ತರಿಸಿಕೊಟ್ಟು, "ಮೊದಲ್ನೇ ಅಂಗಡಿ ನಮ್ದೇ ಕಣಮ್ಮ. ನಿಮ್ದು ಬ್ರಾಂಚು" ಅಂದ. ಯಾರು ಶುರು ಮಾಡಿದ್ದು ಅಂದರೆ, "ಹಳಬರು" ಅಂದ. ಹೀಗೆ ಉತ್ತರ ಬರೆದ ಹುಡುಗರಿಗೆ ನಾನು ಸೊನ್ನೆ ಕೊಟ್ಟದ್ದುಂಟು.

ಅಲ್ಲಿಂದ ಗೌರಿಬಿದನೂರಿಗೆ, ನಮ್ಮ ಸೋದರತ್ತೆಯ ಮನೆಗೆ. ತೊಂಬತ್ತು ದಾಟಿದ ಜೀವ. ನನ್ನ ತಾತನ ಮಕ್ಕಳಲ್ಲಿ ಉಳಿದಿರುವುದು ಅವರೊಬ್ಬರೇ. "ಏಮ್ಮಾ, ಇಷ್ಟು ವರ್ಷಕ್ಕೆ ಅತ್ತೆ ಜ್ಞಾಪಕಕ್ಕೆ ಬಂದ್ಲಾ?" ಅಂತ ನನ್ನ ಕೆನ್ನೆ ಸವರಿ, ಕಥೆ ತೆಗೆದರು. ಅವರ ತಾತ, ಅಂದರೆ ನನ್ನ ಮುತ್ತಾತ, ಮೇಲೂರಿನವರು. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಶಿಡ್ಲಘಟ್ಟದ ಸಂತೆಗೆ ಬರುತ್ತಿದ್ದರಂತೆ. ಒಂದು ದಿನ ಎತ್ತು ಪೇಟೆ ಬೀದಿಯಲ್ಲಿ ಮಲಗಿಬಿಟ್ಟಿತು, ಏನು ಮಾಡಿದರೂ ಏಳಲಿಲ್ಲ. ಸಂತೆ ತನಕ ಹೋಗಲಾಗದೆ ಉಪ್ಪನ್ನು ಅಲ್ಲೇ ಸುರಿದು ಮಾರಿದರು. ಆ ಜಾಗವೇ ಇವತ್ತಿನ ಅಂಗಡಿ. ಮೊಲ ನಾಯಿಯನ್ನು ಅಟ್ಟಿದ ಜಾಗದಲ್ಲಿ ರಾಜರು ಕೋಟೆ ಕಟ್ಟಿಸಿದ ಕಥೆಯನ್ನು ನಾನು ವರ್ಷಾವರ್ಷ ಹೇಳಿದ್ದೇನೆ. ನಮ್ಮ ವಂಶ ಎತ್ತಿನ ಸೋಮಾರಿತನದ ಮೇಲೆ ನಿಂತಿದೆ ಅಂತ ಗೊತ್ತಾದದ್ದು ಈಗ.

"ಅವರ ಹೆಸರೇನತ್ತೆ?"

"ತಾತನ ಹೆಸರು ಬಾಯಲ್ಲಿ ಹೇಳ್ತಾರೇನೇ? ತಾತ ಅಂತಿದ್ವಿ. ನಮ್ಮಪ್ಪ ಎಲ್ಲಾ ಬರ್ದಿಟ್ಟಿದ್ದ ಕಣೇ. ಯಾರು, ಯಾವೂರು, ಯಾವಾಗ ಬಂದ್ರು, ಆ ಎತ್ತಿನ ಹೆಸರೂ ಬರ್ದಿದ್ದ. ಕೆಂಪು ರಟ್ಟಿನ ಪುಸ್ತಕ. ಅಂಗಡಿಯ ಮೇಲ್ಗಡೆ ಹಲಗೆ ಮೇಲೆ ಇಟ್ಟಿದ್ದ. ಅದು ಸಿಕ್ರೆ ನನ್ನನ್ಯಾಕೆ ಕೇಳ್ತೀಯ?"

ಆ ಪುಸ್ತಕ ಏನಾಯಿತು ಅನ್ನುವುದು ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು.

ಆಗ ನನಗೆ ಹತ್ತೊಂಬತ್ತು. ಯುಗಾದಿಯ ಹಿಂದಿನ ದಿನ, ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ರದ್ದಿ ಕಾಗದ ಮುಗಿದುಹೋಯಿತು. ಅಪ್ಪ ತಕ್ಕಡಿಯಿಂದ ಕಣ್ಣು ತೆಗೆಯದೆ, "ಮೇಲೆ ಏನಾದ್ರೂ ಇದ್ರೆ ಹರಕೊಳಮ್ಮ" ಅಂದರು. ಕೆಂಪು ರಟ್ಟಿನ ದಪ್ಪ ಪುಸ್ತಕ ಸಿಕ್ಕಿತು. ಒಳಗಿನ ಹಾಳೆಗಳು ಎಷ್ಟು ಗಟ್ಟಿಯಾಗಿದ್ದವು ಅಂದರೆ ಮಡಿಸಿದಂತೆ ನಿಲ್ಲುತ್ತಿದ್ದವು. ನಮ್ಮ ಮನೆಯ ಪೊಟ್ಟಣಕ್ಕೆ ದಾರವಿಲ್ಲ. ಸುರುಳಿ ಸುತ್ತಿ, ಸಾಮಾನು ತುಂಬಿ, ಎರಡು ಕಿವಿ ಒಳಕ್ಕೆ ಮಡಚಿ, ಮೂರನೆಯದನ್ನು ಅದರಡಿ ಸಿಕ್ಕಿಸಿದರೆ ಎಸೆದರೂ ಬಿಚ್ಚುವುದಿಲ್ಲ. ಬರವಣಿಗೆ ಹೊರಗೆ, ಸಾಮಾನು ಒಳಗೆ, ಇದು ಅಪ್ಪನ ಕಟ್ಟಾಜ್ಞೆ. ಸಂಜೆಯೊಳಗೆ ಪುಸ್ತಕ ಮುಗಿಸಿದೆ. ಅಪ್ಪ ನನ್ನ ಪೊಟ್ಟಣವೊಂದನ್ನು ಅಂಗೈಯಲ್ಲಿ ತೂಗಿ ನೋಡಿ, "ನಿಂದು ನಮ್ಮ ತಾತನ ಕೈ ಕಣಮ್ಮ" ಅಂದರು. ಆ ತಾತನ ಹೆಸರಿದ್ದ ಹಾಳೆಯಲ್ಲಿ ಅಷ್ಟು ಹೊತ್ತಿಗೆ ಸಾಸಿವೆಯೋ ಗಸಗಸೆಯೋ ಮಂಡಿಕಲ್ಲಿನ ಬಸ್ಸು ಹತ್ತಿತ್ತು. ಒಂದೇ ಒಂದು ಸಾಲು ಓದಿದ್ದರೆ ಆಗುತ್ತಿತ್ತು. ಇತಿಹಾಸ ಓದಲೆಂದು ಕಾಲೇಜು ಸೇರಿದ್ದವಳು ನಾನು.

ಗೌರಿಬಿದನೂರಿನಿಂದ ಬರುವಾಗ ಬಸ್ಸಿನಲ್ಲಿ ಅಳು ಬಂತು. ಬರವಣಿಗೆ ಹೊರಗಿತ್ತಲ್ಲ, ಯಾರೋ ಒಬ್ಬ ಪುಣ್ಯಾತ್ಗಿತ್ತಿ ಒಗ್ಗರಣೆ ಕಾಯುವಷ್ಟರಲ್ಲಿ ನನ್ನ ಮುತ್ತಾತನ ಹೆಸರನ್ನು ಓದಿಯೇ ಇರುತ್ತಾಳೆ. ಓದಿ ಕಾಗದವನ್ನು ಒಲೆಗೆ ಹಾಕಿರುತ್ತಾಳೆ. ಅವಳು ಸಿಗಬೇಕು, ಅಪ್ಪ ಸಿಗಬೇಕು, ಆ ಒಂದು ಸಂಜೆ ವಾಪಸ್ಸು ಸಿಗಬೇಕು ಅಂತ ನಂದಿ ಬೆಟ್ಟ ಕಾಣುವವರೆಗೂ ಆಸೆಪಟ್ಟೆ. ಮನೆಗೆ ಬಂದು, ಕೇಳಿಕೊಂಡು ಬಂದಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಮೇಲೂರು, ಉಪ್ಪು, ಎತ್ತು. ಹೆಸರಿನ ಜಾಗ ಖಾಲಿ ಬಿಟ್ಟೆ.

ಮಾರನೆಯ ದಿನ ಆ ಹಾಳೆಯನ್ನು ಕೈಚೀಲಕ್ಕೆ ಹಾಕಿಕೊಂಡು ಶಿಡ್ಲಘಟ್ಟಕ್ಕೆ ಹೋಗಿ ಮಂಜುವಿಗೆ ನಿಜ ಹೇಳಿದೆ. ಅವನು, "ಹೋಗ್ಲಿ ಬಿಡಿ ಅತ್ತೆ, ಮುತ್ತಾತನ ಕಾಲದಿಂದ ಅಂತ ಹಾಕಿಸ್ತೀನಿ. ಮೊಬೈಲ್ ಅಂಗಡಿಯವನು ಅದನ್ನ ಹಾಕಿಸಕ್ಕಾಗಲ್ಲ" ಅಂದ. ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತೆ. ಸುತ್ತಲೂ ಮಿಷನ್ನಿನಲ್ಲಿ ಅಂಟಿಸಿದ ಪ್ಯಾಕೆಟ್ಟುಗಳು. ಅಷ್ಟರಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬಂದಿದ್ದ ಹೆಂಗಸೊಬ್ಬಳು ಒಂದಿಷ್ಟು ಮೆಂತ್ಯ ಬಿಡಿಯಾಗಿ ಬೇಕು ಅಂದಳು. ಮಂಜು ಕವರ್ ಹುಡುಕತೊಡಗಿದ. "ತಾಳಪ್ಪ, ನಾನು ಕಟ್ತೀನಿ" ಅಂದೆ. ಕೈ ತಾನಾಗಿ ಕೈಚೀಲಕ್ಕೆ ಹೋಯಿತು, ಹಾಳೆ ಬಂತು, ಸುರುಳಿ, ಮೆಂತ್ಯ, ಎರಡು ಕಿವಿ, ಮೂರನೆಯದು.

ಅವಳು ಪೊಟ್ಟಣ ತಿರುಗಿಸಿ ನೋಡಿದಳು. "ಇದ್ರಲ್ಲಿ ಏನೋ ಬರ್ದೈತಲ್ಲಮ್ಮ. ನಿಮಗೆ ಬೇಕಾಗಿತ್ತೇನೋ?"

ನಾನು ಹತ್ತೊಂಬತ್ತರಲ್ಲಿ ಅಪ್ಪನನ್ನು ಕೇಳಬೇಕಾಗಿದ್ದ ಮಾತು. ಬಿಚ್ಚಬೇಕು ಅಂತ ಕೈ ಚಾಚಿದೆ, ಬಿಚ್ಚಲು ಮನಸ್ಸಾಗಲಿಲ್ಲ. "ಬೇಡಮ್ಮ, ತಗೊಂಡು ಹೋಗು" ಅಂದೆ. ಮಡಿಕೆ ಅಷ್ಟು ಚೆನ್ನಾಗಿ ಬಂದಿತ್ತು.