ಗಾಳಿಗೆ ತೂಗಿದ ಏಳರ ಮಗ್ಗಿ

ಹುಲಿಗೆ ಹೆದರುವವನನ್ನು ಕಂಡು ಯಾರೂ ನಗುವುದಿಲ್ಲ. ಮಗ್ಗಿಗೆ ಹೆದರುವವನನ್ನು ಕಂಡರೆ ಮನೆಯವರೇ ನಗುತ್ತಾರೆ. ನಾನು ಎರಡನೆಯ ಜಾತಿಯವನು. ಏಳರ ಮಗ್ಗಿ ಬಾರದೆ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಎಪ್ಪತ್ತರ ದಶಕದಲ್ಲಿ ಕಾಮಾಕ್ಷಿಪಾಳ್ಯದ ಒಂದು ಲೇತ್ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಕಿರುಚುವ ಮೆಷಿನ್ನಿಗೆ ಹೆದರದ ನಾನು ಆ ಸ್ಕೂಲಿನ ಗೇಟು ಹತ್ತಿರವಾದರೆ ರಸ್ತೆ ದಾಟಿಬಿಡುತ್ತಿದ್ದೆ. ನನಗೆ ಕಲಿಸಿ ಸೋತಿದ್ದ ಟೀಚರೇ ಈಗ ತಂಗಿ ರತ್ನಿಗೂ ಟೀಚರು.

ಆ ದೀಪಾವಳಿಗೆ ಟೀಚರು ಮಕ್ಕಳಿಗೆ ಹೊಸ ಕೆಲಸ ಕೊಟ್ಟರು. ಆಕಾಶಬುಟ್ಟಿ ಮಾಡಿ, ಅದರ ಬಾಲದ ಒಂದೊಂದು ಪಟ್ಟಿಯ ಮೇಲೂ ಮಗ್ಗಿಯ ಒಂದೊಂದು ಸಾಲು ಬರೆದು ತರಬೇಕು. ಹಬ್ಬವೂ ಆಯಿತು, ಲೆಕ್ಕವೂ ಆಯಿತು. ರತ್ನಿಯ ಪಾಲಿಗೆ ಬಂದದ್ದು ಏಳರ ಮಗ್ಗಿಯೇ. ಅವಳು ಪಟ್ಟಿ ಬರೆದಳು; ನಾನು ಬಿದಿರುಕಡ್ಡಿ ಕಟ್ಟಿ ಮೈದಾ ಅಂಟು ಹಚ್ಚಿದೆ. ಅವಳು ಬೀದಿ ನಲ್ಲಿಗೆ ನೀರಿಗೆ ಹೋದಾಗ ಒಂದು ಪಟ್ಟಿ ನನ್ನ ಕೈಗಂಟಿ ಹರಿಯಿತು. ಏಳೆಂಟ್ಲ ಎಷ್ಟು? ಕೂಗಿ ಕೇಳಬಹುದಿತ್ತು. ಆದರೆ ನಲ್ಲಿಯ ಹತ್ತಿರ ಅಷ್ಟು ಜನರೆದುರು, ಮೀಸೆ ಬಂದ ಅಣ್ಣ ಪುಟ್ಟ ತಂಗಿಯನ್ನು ಮಗ್ಗಿ ಕೇಳುವುದೇ? ಹೊಸ ಪಟ್ಟಿಯ ಮೇಲೆ ಧೈರ್ಯವಾಗಿ ಐವತ್ತನಾಲ್ಕು ಎಂದು ಬರೆದು ಅಂಟಿಸಿದೆ. ಅಕ್ಷರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಬ್ಬರ ಓದೂ ಒಂದೇ ಕ್ಲಾಸಿನದು.

ಮಾರನೆಯ ದಿನ ಬುಟ್ಟಿ ಸ್ಕೂಲಿನ ವರಾಂಡದಲ್ಲಿ ತೂಗಿತು. ಸಂಜೆ ಅಮ್ಮನಿಂದ ಜಡೆ ಹಾಕಿಸಿಕೊಳ್ಳುತ್ತಾ ರತ್ನಿ ರಾಗವಾಗಿ ಹೇಳಿದಳು, "ಏಳೆಂಟ್ಲ ಐವತ್ತಾರು." ನಾನು ಬರೆದದ್ದು ಐವತ್ತನಾಲ್ಕು.

"ಟೀಚರು ಬುಟ್ಟಿ ಓದಿದ್ರೇನೇ?"

"ಎಲ್ಲಿ ಅಣ್ಣ, ಗಾಳಿಗೆ ಬಾಲ ನಿಲ್ತಾನೇ ಇಲ್ಲ. ಗಾಳಿ ಕಮ್ಮಿ ಆದ್ಮೇಲೆ ಎಲ್ಲರ ಕೈಲೂ ಓದಿಸ್ತಾರಂತೆ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅಂದಿನಿಂದ ವಾಯುದೇವರ ಭಕ್ತನಾದೆ. ಲೇತ್ ಮುಂದೆ ನಿಂತರೂ ಕಣ್ಣು ಹೊರಗಿನ ಹೊಂಗೆಮರದ ಎಲೆಯ ಮೇಲೆ.

"ಏನ್ ಗುರು, ಮಳೆ ಬರುತ್ತಾ?" ಎಂದು ಪಕ್ಕದ ಮೆಷಿನ್ನಿನವನು ಕೇಳಿದ.

"ಮಳೆ ಬೇಡ ಮಗಾ, ಗಾಳಿ ಬೀಸ್ತಿದ್ರೆ ಸಾಕು."

ಒಂದು ಮಧ್ಯಾಹ್ನ ಎಲೆ ಅಲುಗಲೇ ಇಲ್ಲ. ಪಟ್ಟಿ ಕಿತ್ತುಬಿಡೋಣವೆಂದು ಸ್ಕೂಲಿನ ಗೇಟಿನವರೆಗೂ ಓಡಿದೆ. ಒಳಗಿಂದ ಟೀಚರ ದನಿ ಬಂತು, "ಯಾರಪ್ಪ ಅದು?" ಹೋದದ್ದಕ್ಕಿಂತ ಬೇಗ ವಾಪಸ್ಸು ಬಂದೆ.

ಸಂಜೆ ರತ್ನಿಯ ಅಂಗೈ ಕೆಂಪಗಿತ್ತು. "ತಪ್ಪು ಬರೆದಿದ್ದು ನಾನೇ ಅಂದೆ" ಎಂದಳು.

"ಯಾಕೇ? ನಮ್ಮಣ್ಣ ಬರೆದಿದ್ದು ಅನ್ನೋದಲ್ವಾ?"

"ಅಂದಿದ್ರೆ ನಿನ್ನ ಕರೆಸ್ತಿದ್ರು. ನೀನು ಗೇಟಿಂದಾನೇ ಓಡಿ ಹೋಗಿದ್ದು ನೋಡಿದೆ ಕಣಣ್ಣ."

ಈಗ ರತ್ನಿಗೆ ಮೊಮ್ಮಕ್ಕಳಿದ್ದಾರೆ. ನಾನು ಅಂಗಡಿಯ ಆಕಾಶಬುಟ್ಟಿಯನ್ನೇ ತರುತ್ತೇನೆ, ಬಾಲದ ಮೇಲೆ ಏನೂ ಬರೆದಿರದಂಥದ್ದು. ಆದರೂ ಪ್ರತಿ ದೀಪಾವಳಿಗೆ ಅವಳು ಅದರ ಕೆಳಗೆ ನಿಂತು ಎಲ್ಲರೆದುರೇ ಕೇಳುತ್ತಾಳೆ, "ಅಣ್ಣ, ಏಳೆಂಟ್ಲ?" ಉತ್ತರ ನನಗೆ ಗೊತ್ತು, ಆ ಅಂಗೈ ನೋಡಿದವನು ಮರೆಯುವಂತಿಲ್ಲ. ಆದರೂ ಕತ್ತೆತ್ತಿ ಬುಟ್ಟಿ ನೋಡಿ ಹೇಳುತ್ತೇನೆ, "ತಡಿಯೇ, ಗಾಳಿ ನಿಲ್ಲಲಿ."